ನೀರಾವಿಯೇ ದೊಡ್ಡ ಹಸಿರುಮನೆ ಅನಿಲವಾದರೆ ಇಂಗಾಲದ ಡೈಆಕ್ಸೈಡನ್ನು ದೂರುವುದೇಕೆ?

ಓದುಗರ ಪ್ರಶ್ನೆ: ಭೂಮಿಯನ್ನು ಬೆಚ್ಚಗಿಡುವುದರಲ್ಲಿ ನೀರಾವಿಯದೇ ಮೇಲುಗೈ ಎಂದು ವಿಜ್ಞಾನಿಗಳೇ ಹೇಳುತ್ತಾರೆ. ಹೀಗಿರುವಾಗ ಗಾಳಿಯಲ್ಲಿ ಲೆಕ್ಕಕ್ಕೂ ಸಿಗದಷ್ಟಿರುವ ಇಂಗಾಲದ ಡೈಆಕ್ಸೈಡಿನ ಮೇಲೆ ಗೂಬೆ ಕೂರಿಸುವುದು ಸರಿಯೇ?

ಉತ್ತರ: ಈ ಪ್ರಶ್ನೆ ನಾನಾ ವೇಷಗಳಲ್ಲಿ ಬರುತ್ತಲೇ ಇರುತ್ತದೆ. ‘ಈಗ ಸಿಕ್ಕಿಬಿದ್ದಿರಿ’ ಎಂಬ ಗೆಲುವಿನ ದನಿ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಮತ್ತೊಮ್ಮೆ, ನಿಧಾನವಾಗಿ ಹೇಳುತ್ತೇನೆ.

ಪ್ರಶ್ನೆಯ ಮೊದಲರ್ಧ ನಿಜ. ಭೂಮಿಯಿಂದ ಹೊರಡುವ ಶಾಖವನ್ನು ಗಾಳಿ ತಡೆದು ಹಿಡಿಯುವ ಹಸಿರುಮನೆ ಪರಿಣಾಮದಲ್ಲಿ ಸುಮಾರು ಅರ್ಧ ಪಾಲು ನೀರಾವಿಯದು, ಕಾಲು ಪಾಲು ಮೋಡಗಳದು, ಐದರಲ್ಲಿ ಒಂದು ಪಾಲಿನಷ್ಟು ಇಂಗಾಲದ ಡೈಆಕ್ಸೈಡಿನದು. ಇದನ್ನು ಯಾರೂ ಬಚ್ಚಿಟ್ಟಿಲ್ಲ. ಅನಿಲಗಳು ಶಾಖವನ್ನು ಹೀರುವುದನ್ನು ಐರ್ಲೆಂಡ್ ಮೂಲದ ಭೌತವಿಜ್ಞಾನಿ ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗಾಲಯದಲ್ಲಿ ಅಳೆಯತೊಡಗಿದ್ದರು. ನೀರಾವಿಯ ಮಹತ್ವವನ್ನು ಎತ್ತಿ ಹೇಳಿದವರೂ ಅವರೇ. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಮಾಡಿದ ತಾಪಮಾನದ ಲೆಕ್ಕದಲ್ಲಿ ನೀರಾವಿಯೂ ಸೇರಿತ್ತು. ವಿಜ್ಞಾನಿಗಳು ಆವಿಯನ್ನು ಮರೆತಿದ್ದಾರೆ ಎಂದು ಇಂದು ನೆನಪಿಸಲು ಬರುವವರು ನೂರು ವರ್ಷಕ್ಕೂ ಹೆಚ್ಚು ತಡವಾಗಿ ಬಂದಿದ್ದಾರೆ.

ಎಡವಟ್ಟಾಗುವುದು ಎರಡನೆಯ ಅರ್ಧದಲ್ಲಿ. ಆವಿ ತಣ್ಣಗಾದರೆ ನೀರಾಗುತ್ತದೆ. ಇಂಗಾಲದ ಡೈಆಕ್ಸೈಡ್ ನಮ್ಮ ವಾಯುಮಂಡಲದ ಉಷ್ಣತೆಯಲ್ಲಿ ಹಾಗೆ ದ್ರವವಾಗಿ ಸುರಿಯುವುದಿಲ್ಲ. ಒಂದು ಸಣ್ಣ ಗಣಿತ ಮಾಡಿ. ಗಾಳಿಯಲ್ಲಿರುವ ಆವಿಯೆಲ್ಲ ಒಮ್ಮೆಲೇ ಮಳೆಯಾಗಿ ಸುರಿದರೆ ಭೂಮಿಯ ಮೇಲೆ ಸರಾಸರಿ 25 ಮಿಲಿಮೀಟರ್ ನೀರು ನಿಲ್ಲುತ್ತದೆ. ಇಡೀ ಭೂಮಿಯ ವಾರ್ಷಿಕ ಸರಾಸರಿ ಮಳೆಯೋ ಸುಮಾರು 1,000 ಮಿಲಿಮೀಟರ್. ಎಂದರೆ ಆ ಸಂಗ್ರಹ ವರ್ಷಕ್ಕೆ ನಲವತ್ತು ಬಾರಿ ಖಾಲಿಯಾಗಿ ತುಂಬಬೇಕು. ಆವಿಯ ಒಂದು ಕಣಕ್ಕೆ ಗಾಳಿಯಲ್ಲಿ ಸಿಗುವ ಆಯಸ್ಸು ಸರಾಸರಿ ಒಂಬತ್ತು ದಿನ. ಇಂದೇ ಆವಿಯನ್ನು ಇಮ್ಮಡಿ ಮಾಡಿದರೂ ಕೆಲವು ವಾರಗಳಲ್ಲಿ ಹೆಚ್ಚಿನದೆಲ್ಲ ಮಳೆಯಾಗಿ ಕೆಳಗಿಳಿದಿರುತ್ತದೆ. ನಾವು ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಪಾಲನ್ನು ಕಡಲು, ಕಾಡುಗಳು ಹೀರಿಕೊಂಡರೂ ಉಳಿದದ್ದರಲ್ಲಿ ಬಹಳಷ್ಟು ಶತಮಾನಗಳ ಕಾಲ ಗಾಳಿಯಲ್ಲೇ ಇರುತ್ತದೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280 ಭಾಗವಿದ್ದದ್ದು ಈಗ 420ನ್ನು ದಾಟಿದೆ.

ಹಾಗಾದರೆ ಗಾಳಿಯಲ್ಲಿ ಎಷ್ಟು ಆವಿ ಇರಬೇಕೆಂದು ತೀರ್ಮಾನಿಸುವುದು ಯಾವುದು? ಉಷ್ಣತೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಹಿಡಿಯಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಅದರಿಂದಷ್ಟೇ ಏರುವ ಉಷ್ಣತೆ ಒಂದು ಡಿಗ್ರಿಗಿಂತ ತುಸು ಹೆಚ್ಚು. ಆ ಬಿಸಿಗೆ ಹೆಚ್ಚಿದ ಆವಿ ಅದನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ. ಬಡ್ಡಿ ಅಸಲನ್ನು ಮೀರಿ ಬೆಳೆದಿದೆ, ಆದ್ದರಿಂದ ಸಾಲಕ್ಕೆ ಅಸಲು ಕಾರಣವಲ್ಲ ಎಂದು ವಾದಿಸುವವರಿಗೆ ಯಾರೂ ಲೆಕ್ಕಪತ್ರ ವಹಿಸುವುದಿಲ್ಲ. ನೀರಾವಿಯ ವಾದವೂ ಅದೇ ಜಾತಿಯದು.

ಇದು ಕೇವಲ ಕಾಗದದ ಲೆಕ್ಕ ಎನ್ನುವವರಿಗೆ ಪ್ರಕೃತಿಯೇ ಒಂದು ಪರೀಕ್ಷೆ ನಡೆಸಿ ತೋರಿಸಿದೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಸಿಡಿದು, ಅದರ ಗಂಧಕದ ಕಣಗಳು ಬಿಸಿಲಿಗೆ ಅಡ್ಡ ನಿಂತವು. ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು, ಜೊತೆಗೆ ಗಾಳಿಯ ಆವಿಯೂ ಇಳಿಯಿತು. ಕಂಪ್ಯೂಟರ್ ಮಾದರಿಗಳಲ್ಲಿ ಆವಿಯ ಈ ಇಳಿಕೆಯನ್ನು ಸೇರಿಸಿದಾಗ ಮಾತ್ರ ಅಳೆದಷ್ಟೇ ತಂಪು ಮೂಡಿತು. ಬಿಟ್ಟರೆ ತಂಪು ಸಾಲದೆ ಹೋಯಿತು. ಉಷ್ಣತೆ ಮುಂದೆ, ಆವಿ ಹಿಂದೆ.

ಕಾರ್ಖಾನೆಯ ಚಿಮಣಿಗಳೂ ನೀರಾವರಿಯ ಹೊಲಗಳೂ ಆವಿ ಬಿಡುವುದಿಲ್ಲವೇ ಎಂದು ಇನ್ನೊಬ್ಬರು ಕೇಳುತ್ತಾರೆ. ಬಿಡುತ್ತವೆ. ಕಡಲುಗಳಿಂದ ವರ್ಷಕ್ಕೆ ನಾಲ್ಕು ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು ನೀರು ಆವಿಯಾಗುವಾಗ, ಇಡೀ ಭೂಮಿಯ ಲೆಕ್ಕದಲ್ಲಿ ಅವಕ್ಕೆ ತೂಕವಿಲ್ಲ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದಿದ್ದರೂ, ಒಂದು ಮಾತು ಹೇಳದೆ ಬಿಡಲಾರೆ. ಒಂದು ಡಿಗ್ರಿಗೆ ಆವಿ ಶೇ. 7ರಷ್ಟು ಹೆಚ್ಚಿದರೆ ಮಳೆಯೂ ಅಷ್ಟೇ ಹೆಚ್ಚಬೇಕಲ್ಲವೇ? ಇಲ್ಲ. ಇಡೀ ಭೂಮಿಯ ಒಟ್ಟು ಮಳೆ ಹೆಚ್ಚುವುದು ಶೇ. 1ರಿಂದ 3ರಷ್ಟು ಮಾತ್ರ. ಆವಿ ಮಳೆಯಾಗುವಾಗ ಬಿಡುವ ಶಾಖವನ್ನು ವಾಯುಮಂಡಲ ಬಾಹ್ಯಾಕಾಶಕ್ಕೆ ಸಾಗಹಾಕಬೇಕು. ಆ ಸಾಮರ್ಥ್ಯ ಆವಿಯಷ್ಟು ವೇಗವಾಗಿ ಬೆಳೆಯುವುದಿಲ್ಲ. ಬಿರುಮಳೆಯ ಕಥೆ ಬೇರೆ. ಅದು ತನ್ನ ಸುತ್ತಲಿನ ಆವಿಯನ್ನು ಬಾಚಿಕೊಂಡು ಸುರಿಯುವುದರಿಂದ ಅದರ ರಭಸ ಶೇ. 7ರ ಆಸುಪಾಸಿನಲ್ಲೇ ಏರುತ್ತದೆ. ಒಟ್ಟು ಮಳೆ ಸ್ವಲ್ಪವೇ ಹೆಚ್ಚಿ, ಜೋರು ಮಳೆ ಅದಕ್ಕಿಂತ ಬಹಳ ಹೆಚ್ಚಿದರೆ, ಆ ವ್ಯತ್ಯಾಸವನ್ನು ಸರಿದೂಗಿಸಲು ಸಣ್ಣ ಮಳೆಗಳು ಕಡಿಮೆಯಾಗಬೇಕು ಇಲ್ಲವೇ ಮಳೆಯಿಲ್ಲದ ದಿನಗಳು ಹೆಚ್ಚಬೇಕು. ಜೋರಾಗಿ ಬಿದ್ದ ನೀರು ನೆಲಕ್ಕೆ ಇಂಗುವ ಮೊದಲೇ ಹರಿದುಹೋಗುತ್ತದೆ. ನಡುವಿನ ಬಿಡುವಿನಲ್ಲಿ ಬಿಸಿ ಗಾಳಿ ಮಣ್ಣಿನ ತೇವವನ್ನು ಹೀರುತ್ತದೆ. ಒಂದೇ ವರ್ಷ ಒಂದೇ ಜಾಗದಲ್ಲಿ ನೆರೆ, ಬರ ಎರಡೂ ಬಂದಾಗ ‘ಇವರು ಹೇಳುವುದಕ್ಕೆ ತಾಳಮೇಳವಿಲ್ಲ’ ಎನ್ನುವವರು ವಾರ್ಷಿಕ ಸರಾಸರಿಯನ್ನು ಬದಿಗಿಟ್ಟು, ಆ ಮಳೆ ಎಷ್ಟು ದಿನಗಳಲ್ಲಿ ಬಿತ್ತು ಎಂಬ ಅಂಕಿಯನ್ನು ನೋಡಲಿ.