ಶಾಸನದ ಇಸವಿ ಗುಡಿಯ ಇಸವಿಯಲ್ಲ

ದೇವಸ್ಥಾನದ ಆವರಣದಲ್ಲಿ ಶಾಸನವೊಂದು ಸಿಕ್ಕರೆ ಅದರಲ್ಲಿ ನಮೂದಾದ ವರ್ಷವೇ ದೇವಸ್ಥಾನ ಕಟ್ಟಿದ ವರ್ಷ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ಶಾಸನ ಓದುವುದನ್ನೇ ವೃತ್ತಿ ಮಾಡಿಕೊಂಡವರು ಅದನ್ನು ಅಲ್ಲಗಳೆದರೆ ಕೇಳಿದವರಿಗೆ ಏನೋ ಕಸಿದುಕೊಂಡಂತಾಗುತ್ತದೆ. ಜಾತ್ರೆಯ ಕರಪತ್ರಕ್ಕೆ, ಊರ ಬಾಗಿಲಿನ ಕಮಾನಿಗೆ, ಜೀರ್ಣೋದ್ಧಾರದ ಅನುದಾನ ಕೋರುವ ಅರ್ಜಿಗೆ ಒಂದು ಇಸವಿ ಬೇಕೇ ಬೇಕು. ಆ ಇಸವಿ ಆದಷ್ಟು ಹಳೆಯದಾಗಿರಬೇಕು. ಅದರ ಜೊತೆಗೊಬ್ಬ ರಾಜನ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ಈ ಆಸೆಯನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಕಲ್ಲು ಹೇಳದಿದ್ದದ್ದನ್ನು ಕಲ್ಲಿನ ಬಾಯಿಂದ ಹೇಳಿಸುವ ಕೆಲಸಕ್ಕೆ ನನ್ನ ಸಹಿ ಕೇಳಿದಾಗ ಮಾತ್ರ ತಾಳ್ಮೆ ತಪ್ಪುತ್ತದೆ.

ಎಲ್ಲರೂ ಕಂಡಿರುವ ಹಂಪಿಯ ವಿರೂಪಾಕ್ಷ ದೇವಸ್ಥಾನವನ್ನೇ ತೆಗೆದುಕೊಳ್ಳೋಣ. ಅದನ್ನು ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ಎಂದು ಪ್ರವಾಸಿಗರಿಗೆ ಹೇಳುವವರು ಇಂದಿಗೂ ಇದ್ದಾರೆ. ರಂಗಮಂಟಪದ ಮುಂದೆ ನಿಂತಿರುವ ಶಾಸನವೇ ಅವರ ಆಧಾರ. ಆದರೆ ಆ ಶಾಸನ ನಿಜವಾಗಿ ಹೇಳುವುದೇನು? ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಅರಸನು ವಿರೂಪಾಕ್ಷ ದೇವರ ನೈವೇದ್ಯಕ್ಕೆಂದು ಸಿಂಗನಾಯಕನಹಳ್ಳಿಯನ್ನು ಬಿಟ್ಟುಕೊಟ್ಟ, ದೇವರ ಮುಂದೆ ಮಹಾರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿದ, ಅದಕ್ಕೂ ಮುಂದಿದ್ದ ದೊಡ್ಡ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದ, ನವರತ್ನ ಖಚಿತವಾದ ಚಿನ್ನದ ಕಮಲ, ನಾಗಾಭರಣ, ಬೆಳ್ಳಿಯ ಆರತಿಗಳೇ ಮೊದಲಾದವನ್ನು ಒಪ್ಪಿಸಿದ. ದುರಸ್ತಿ ಮಾಡಿಸುವಷ್ಟು ಹಳೆಯದಾದ ಗೋಪುರ ಆ ಹೊತ್ತಿಗೇ ಅಲ್ಲಿತ್ತು, ಅದರ ಒಳಗೆ ನೈವೇದ್ಯ ಸ್ವೀಕರಿಸುವ ದೇವರೂ ಇದ್ದ ಎಂಬುದನ್ನು ಶಾಸನವೇ ಒಪ್ಪಿಕೊಂಡಿರುವಾಗ, ಅದೇ ಶಾಸನವನ್ನು ಹಿಡಿದು ಗುಡಿಯ ಹುಟ್ಟನ್ನು 1510ಕ್ಕೆ ತಂದು ನಿಲ್ಲಿಸುವುದು ಹೇಗೆ? ಇಂದು ಜನರು ರಾಯಗೋಪುರವೆನ್ನುವ ಒಳಗೋಪುರ ಅರಸನು ಕಟ್ಟಿಸಿದ್ದು. ರಥಬೀದಿಗೆ ಎದುರಾಗಿ ನಿಂತ ಬಿಷ್ಟಪ್ಪಯ್ಯ ಗೋಪುರ ಅವನು ಸರಿಪಡಿಸಿದ್ದು. ಒಂದೇ ಕಲ್ಲಿನ ಮೇಲೆ ದತ್ತಿ, ಹೊಸ ಕಟ್ಟಡ, ದುರಸ್ತಿ, ಒಡವೆ ಎಂಬ ನಾಲ್ಕು ಬಗೆಯ ಕಾರ್ಯಗಳಿವೆ. ಗರ್ಭಗುಡಿ ಕಟ್ಟಿದ ಮಾತು ಮಾತ್ರ ಅದರಲ್ಲಿಲ್ಲ.

ಇಸವಿಯ ಲೆಕ್ಕವೂ ಜನ ತಿಳಿದಷ್ಟು ಸುಲಭವಲ್ಲ. ಈ ಶಾಸನದಲ್ಲಿ ಶಕವರ್ಷ 1430 ಎಂದಿದೆ. ಅದಕ್ಕೆ 78 ಕೂಡಿಸಿ 1508 ಎಂದು ಬರೆದುಕೊಂಡು ಹೋಗುವವರನ್ನು ಕಂಡಿದ್ದೇನೆ. ಆದರೆ ಅಲ್ಲಿ 1430 ಎಂಬುದು ಆಗಲೇ ಮುಗಿದುಹೋಗಿದ್ದ ವರ್ಷ. ನಡೆಯುತ್ತಿದ್ದ ಸಂವತ್ಸರ ಶುಕ್ಲ, ತಿಂಗಳು ಮಾಘ. ಶುಕ್ಲ ಸಂವತ್ಸರ 1509ರ ಯುಗಾದಿಗೆ ತೊಡಗುತ್ತದೆ, ಅದರ ಮಾಘಮಾಸ ಬರುವ ಹೊತ್ತಿಗೆ ನಮ್ಮ ಲೆಕ್ಕದ 1510ರ ಜನವರಿ ಬಂದಿರುತ್ತದೆ. ಸಂವತ್ಸರದ ಹೆಸರು ಸವೆದು ಹೋದ ಶಾಸನಗಳಲ್ಲಿ ನಾವು ಒಂದೆರಡು ವರ್ಷದ ಅಂತರವನ್ನು ಬಿಟ್ಟೇ ಮಾತಾಡುತ್ತೇವೆ, ಹಾಗೆ ಮಾತಾಡಿದಾಗಲೆಲ್ಲ ನಮಗೆ ವಿಷಯ ಗೊತ್ತಿಲ್ಲವೆಂಬ ಅನುಮಾನವನ್ನೂ ಸಹಿಸುತ್ತೇವೆ.

ಹಾಗಾದರೆ ವಿರೂಪಾಕ್ಷನ ಗುಡಿ ಎಷ್ಟು ಹಳೆಯದು? ಉತ್ತರದ ಕಡೆ, ಮನ್ಮಥ ಹೊಂಡದ ಬಳಿಯಿರುವ ದುರ್ಗಾದೇವಿಯ ಗುಡಿಯಲ್ಲಿ 1199ರ ಶಾಸನವೊಂದಿದೆ. ಕುರುಗೋಡಿನ ಅರಸು ಮನೆತನದವರು ವಿರೂಪಾಕ್ಷನಿಗೂ ಪಂಪಾದೇವಿಗೂ ದತ್ತಿ ಬಿಟ್ಟದ್ದು ಅದರಲ್ಲಿ ದಾಖಲಾಗಿದೆ. ವಿಜಯನಗರ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲಿನ ಮಾತು ಇದು. ಆದರೆ ಇದೂ ದತ್ತಿಯ ಶಾಸನವೇ ಆದ್ದರಿಂದ ಗುಡಿ 1199ರಲ್ಲಿ ಕಟ್ಟಿದ್ದೆಂದು ಮತ್ತೆ ಕಮಾನಿನ ಮೇಲೆ ಬರೆಸಬೇಡಿ. ಆ ವರ್ಷ ಅಲ್ಲಿ ದೇವರಿಗೆ ಪೂಜೆ ಸಲ್ಲುತ್ತಿತ್ತು ಎಂಬಷ್ಟನ್ನು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ಒಳಗಿನ ಭುವನೇಶ್ವರಿಯ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಶೈಲಿಯ ನುಣುಪಾದ ಕಂಬಗಳೂ ಬಾಗಿಲವಾಡವೂ ಇವೆ. ಅವು ಹಳೆಯವೆಂಬುದರಲ್ಲಿ ಸಂದೇಹವಿಲ್ಲವಾದರೂ, ಕಂಬವನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ನಿಲ್ಲಿಸುವುದು ನಮ್ಮ ಶಿಲ್ಪಿಗಳಿಗೆ ಹೊಸದೇನೂ ಆಗಿರಲಿಲ್ಲ. ರಂಗಮಂಟಪದ ಒಳಚಾವಣಿಯಲ್ಲಿ ಬಣ್ಣದ ಚಿತ್ರಗಳಿವೆ, ಪಲ್ಲಕ್ಕಿಯಲ್ಲಿ ಸಾಗುವ ಯತಿಯನ್ನು ವಿದ್ಯಾರಣ್ಯರೆಂದು ಗುರುತಿಸುತ್ತಾರೆ. ಮಂಟಪದ ಕಾಲ ತಿಳಿದ ಮಾತ್ರಕ್ಕೆ ಚಿತ್ರದ ಕಾಲ ತಿಳಿದಂತಾಗುವುದಿಲ್ಲ, ವಿದ್ವಾಂಸರಲ್ಲಿ ಆ ಬಗ್ಗೆ ಒಮ್ಮತವೂ ಇಲ್ಲ.

ನಿಜವಾದ ನಿರ್ಮಾಣ ಶಾಸನ ಹೇಗಿರುತ್ತದೆ ಎಂದು ನೋಡಬಯಸುವವರು ಪಕ್ಕದ ಹೇಮಕೂಟವನ್ನು ಹತ್ತಬೇಕು. ಅಲ್ಲಿಯ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ಗುಡಿಯೊಂದರ ಶಾಸನವು, ವಿಜಯನಗರಕ್ಕೂ ಮೊದಲು ಆ ಸೀಮೆಯನ್ನಾಳಿದ ಕಂಪಿಲದೇವನು ಆ ಶಿವಾಲಯವನ್ನು ಮಾಡಿಸಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ. ಯಾರು, ಏನು, ಎಲ್ಲಿ ಎಂಬುದೆಲ್ಲ ಸ್ಪಷ್ಟ. ಇಂಥ ಶಾಸನ ಉಳಿದಿರುವ ಗುಡಿಗಳು ಭಾಗ್ಯವಂತ ಗುಡಿಗಳು, ಅವುಗಳ ಸಂಖ್ಯೆ ನಮ್ಮ ದೇವಸ್ಥಾನ ಸಮಿತಿಗಳವರು ತಿಳಿದಿರುವುದಕ್ಕಿಂತ ಬಹಳ ಕಡಿಮೆ.

ಪೂಜೆಯ ವಿಷಯಕ್ಕೆ ಬಂದರೆ ಇಸವಿ ಕೇಳುವುದೇ ಕಷ್ಟ. ಪಂಪಾದೇವಿ ಶಿವನಿಗಾಗಿ ತಪಸ್ಸು ಮಾಡಿದಳು, ಹೇಮಕೂಟದಲ್ಲಿ ಶಿವನು ಕಾಮನನ್ನು ಸುಟ್ಟನು, ಆಮೇಲೆ ಅವಳನ್ನು ವರಿಸಿದನು ಎಂದು ಸ್ಥಳಪುರಾಣ ಹೇಳುತ್ತದೆ. ಈ ಕಥೆಯನ್ನು ಹಂಪಿ ಪ್ರತಿವರ್ಷ ಆಚರಿಸಿ ತೋರಿಸುತ್ತದೆ: ಮಾರ್ಗಶಿರದ ಸುಮಾರಿಗೆ ಫಲಪೂಜೆಯೆಂಬ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣೋತ್ಸವ ಮತ್ತು ರಥೋತ್ಸವ. ಹೊಳೆಯ ದಂಡೆಯ ಸ್ಥಳೀಯ ದೇವತೆಯೊಬ್ಬಳನ್ನು ಶಿವನ ಕುಟುಂಬಕ್ಕೆ ಸೇರಿಸಿಕೊಂಡ ಬಗೆ ಇದು ಎಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ನನಗೂ ಅದು ಒಪ್ಪಿಗೆಯೇ, ಆದರೂ ಊಹೆ ಊಹೆಯೇ. ವಿಜಯನಗರದ ಮೊದಲ ಮನೆತನವಾದ ಸಂಗಮ ವಂಶದ ಅರಸರು ತಮ್ಮ ತಾಮ್ರಪಟಗಳು ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಗೆ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದೇ ಒಪ್ಪ, ಅಂದರೆ ಸಹಿ, ಹಾಕಿದರು. 1565ರ ಯುದ್ಧದ ನಂತರ ನಗರ ಹಾಳಾಯಿತು, ವಿಠ್ಠಲನ ಗುಡಿಯಲ್ಲಿ ಪೂಜೆ ನಿಂತಿತು, ವಿರೂಪಾಕ್ಷನಿಗೆ ಮಾತ್ರ ಪೂಜೆ ಮುಂದುವರಿಯಿತು. ನಿಲ್ಲದೆ ನಡೆದ ನಿತ್ಯಪೂಜೆಯನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಹಾಗೆಂದು, ಶಾಸನವಿಲ್ಲವಲ್ಲ, ತ್ರೇತಾಯುಗವೆಂದೇ ಬರೆದುಬಿಡುತ್ತೇವೆ ಎನ್ನುವವರಿಗೆ ನನ್ನ ಅಡ್ಡಿಯೇನಿಲ್ಲ. ಅದು ಭಕ್ತಿಯ ಮಾತು. ‘ಶಾಸನದಿಂದ ದೃಢಪಟ್ಟಿದೆ’ ಎಂದು ಅದರ ಕೆಳಗೆ ಸೇರಿಸದಿದ್ದರೆ ಸಾಕು.

ಕೆಲವು ವರ್ಷಗಳ ಹಿಂದೆ ಅದೇ ಸೀಮೆಯ ಒಂದು ಹಳ್ಳಿಯ ಹಿರಿಯರು ತಮ್ಮ ಈಶ್ವರನ ಗುಡಿಯ ಶಾಸನದ ಚಿತ್ರವನ್ನು ಮೊಬೈಲಿನಲ್ಲಿ ತಂದಿದ್ದರು. ಇಸವಿ ಇರುವ ಎರಡು ಸಾಲನ್ನಷ್ಟೇ ಚಿತ್ರ ತೆಗೆದಿದ್ದರು, ಉಳಿದದ್ದು ಬೇಡವೆಂದು ಅವರಿಗೆ ತೋರಿತ್ತು. ಹೋಗಿ ಕಾಗದದ ಮೇಲೆ ಅಕ್ಷರಗಳ ಪಡಿಯಚ್ಚು ತೆಗೆದು ಓದಿದರೆ ಅದು ನಂದಾದೀಪಕ್ಕೆ ಹೊಲ ಬಿಟ್ಟ ಶಾಸನ. ಗುಡಿ ಅದಕ್ಕಿಂತ ಹಳೆಯದಿರಬೇಕು, ಎಷ್ಟು ಹಳೆಯದೆಂದು ಹೇಳಲಾರೆ ಎಂದೆ. “ಸರ, ದೀಪದ ಎಣ್ಣಿ ವಿಚಾರ ಕಮಾನಿನ ಮ್ಯಾಲೆ ಹೆಂಗ ಬರ್ಸೋದ್ರೀ?” ಎಂದು ಒಬ್ಬರು ಕೇಳಿದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಮುದುಕರೊಬ್ಬರು, ಕೆರೆಯ ಕೆಳಗೆ ತಮ್ಮ ಭಾಗದವರ ಹೊಲವೊಂದನ್ನು ಈಗಲೂ ದೀಪದ ಹೊಲವೆನ್ನುತ್ತಾರೆಂದು ಹೇಳಿದರು. ಶಾಸನದ ಗಡಿಯ ವಿವರದಲ್ಲಿ ಕೆರೆಯೂ ಇತ್ತು. ಅದೇ ಹೊಲ ಇದು ಎಂದು ಪ್ರಮಾಣ ಮಾಡಲಾರೆ, ಆದರೂ ಯಾವ ಇಸವಿಗಿಂತಲೂ ಈ ಸಂಗತಿ ದೊಡ್ಡದೆಂದು ಅವರಿಗೆ ಒಪ್ಪಿಸಲು ನಾನು ಸಂಜೆಯವರೆಗೂ ಹೆಣಗಿದೆ.

ಆದ್ದರಿಂದ ಬರುವವರಲ್ಲಿ ನನ್ನ ಕೋರಿಕೆ ಇಷ್ಟೆ. ಕಲ್ಲಿನ ನಾಲ್ಕು ಮುಖಗಳನ್ನೂ ಬೆಳಗಿನ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದು ತನ್ನಿ; ಎಣ್ಣೆಬಣ್ಣ ಬಳಿಯಬೇಡಿ, ಅಕ್ಷರ ಕಾಣಲೆಂದು ಉಜ್ಜಬೇಡಿ. ದತ್ತಿಯ ವಿವರ ಸಾಮಾನ್ಯವಾಗಿ ಇಸವಿಯ ನಂತರದ ಸಾಲುಗಳಲ್ಲಿರುತ್ತದೆ, ಏನು ನಡೆಯಿತೆಂಬುದು ತಿಳಿಯುವುದು ಅಲ್ಲಿಯೇ. ಫಲಕದ ಮೇಲೆ ಇಸವಿ ಬೇಕೇ ಬೇಕೆಂದರೆ, ‘ಇಂಥ ವರ್ಷದ ಶಾಸನದಲ್ಲಿ ಈ ದೇವರ ಉಲ್ಲೇಖವಿದೆ’ ಎಂದು ಬರೆಸಿ. ಸಾಲು ಉದ್ದವಾಯಿತೆಂದು ಬಣ್ಣ ಬರೆಯುವವನು ಗೊಣಗಿದರೆ ‘ಕಟ್ಟಿಸಿದ’ ಎಂಬುದನ್ನು ಸೇರಿಸುವ ಬದಲು ಅಕ್ಷರವನ್ನು ಚಿಕ್ಕದಾಗಿಸಲು ಹೇಳಿ.