ಪದ ಪರಿಚಯ: ಆಲ್-ಇನ್-ಒನ್ ಹೋಮ್ ಥಿಯೇಟರ್

ಡಿವಿಡಿ ಪ್ಲೇಯರ್, ಸದ್ದನ್ನು ಏರಿಸುವ ಆಂಪ್ಲಿಫೈಯರ್, ಎಫ್‌ಎಂ ರೇಡಿಯೊ, ಮೂರಕ್ಕೂ ಕರೆಂಟು ಕೊಡುವ ಪವರ್ ಸಪ್ಲೈ, ಈ ನಾಲ್ಕನ್ನೂ ಒಂದೇ ಡಬ್ಬದೊಳಗೆ ಕೂರಿಸಿ, ಜೊತೆಗೆ ಐದು ಪುಟ್ಟ ಸ್ಪೀಕರ್ ಮತ್ತು ತಗ್ಗು ಸ್ವರದ ಗುಡುಗಿಗೆಂದೇ ಇರುವ ಒಂದು ಸಬ್‌ವೂಫರ್ ಕೊಟ್ಟು ಮಾರುವ ಸೆಟ್ಟಿಗೆ ಆಲ್-ಇನ್-ಒನ್ ಹೋಮ್ ಥಿಯೇಟರ್ ಎನ್ನುತ್ತಾರೆ. ಪೆಟ್ಟಿಗೆಯ ಮೇಲಿನ 5.1ರಲ್ಲಿ ಐದು ಎಂದರೆ ಆ ಪುಟ್ಟ ಸ್ಪೀಕರ್‌ಗಳು, ಪಾಯಿಂಟ್ ಒಂದು ಎಂದರೆ ಸಬ್‌ವೂಫರ್. ರೇಡಿಯೊ ಮತ್ತು ಕ್ಯಾಸೆಟ್ ಕೂಡಿದ್ದ ಟೂ-ಇನ್-ಒನ್ ಇದರ ಹಿಂದಿನ ತಲೆಮಾರು. ಸ್ಮಾರ್ಟ್ ಟಿವಿ ಈಗಿನ ತಲೆಮಾರು.

ಇದಕ್ಕೆ ಎದುರಿನದು ಬಿಡಿ ಸೆಟ್. ಪ್ಲೇಯರ್ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ, ನಡುವೆ ಕೆಂಪು-ಬಿಳಿ ಪಿನ್ನಿನ ಆರ್‌ಸಿಎ ವೈರು. ನೋಡಲು ಅಷ್ಟು ಅಂದವಿಲ್ಲ, ರಿಮೋಟೂ ಎರಡೆರಡು. ಆಲ್-ಇನ್-ಒನ್‌ಗೆ ಒಂದೇ ಪ್ಲಗ್, ಒಂದೇ ರಿಮೋಟ್, ಒಂದೇ ಬಿಲ್. ಕ್ಯಾಬಿನೆಟ್ಟೂ ಪವರ್ ಸಪ್ಲೈಯೂ ಒಂದೊಂದೇ ಸಾಕಾಗುವುದರಿಂದ ತಯಾರಿಸುವ ಖರ್ಚೂ ಕಡಿಮೆ. ಜನ ಕೊಂಡದ್ದರಲ್ಲಿ ತಪ್ಪೇನೂ ಇಲ್ಲ.

ತೊಂದರೆ ಶುರುವಾಗುವುದು ಕೆಟ್ಟಾಗ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಒಂದೊಂದು ಭಾಗವೂ ಐದು ವರ್ಷ ಕೆಡದೆ ಉಳಿಯುವ ಸಂಭವ ನೂರಕ್ಕೆ 90. ನಾಲ್ಕೂ ಒಟ್ಟಿಗೆ ಉಳಿಯುವ ಸಂಭವ ಬೇಕಾದರೆ 0.9ನ್ನು ನಾಲ್ಕು ಸಲ ಗುಣಿಸಬೇಕು, ನೂರಕ್ಕೆ ಸುಮಾರು 66 ಬರುತ್ತದೆ. ಬಿಡಿ ಸೆಟ್ಟಿಗೂ ಇದೇ ಲೆಕ್ಕ ಅನ್ನುವುದನ್ನು ಮಾತ್ರ ಮರೆಯಬಾರದು, ಅದೇನೂ ಅಮರ ಅಲ್ಲ. ಆದರೆ ಅಲ್ಲಿ ಕೆಟ್ಟದ್ದೊಂದನ್ನು ಎತ್ತಿಟ್ಟು ಬೇರೆಯದನ್ನು ಸಿಕ್ಕಿಸಬಹುದು. ಇಲ್ಲಿ ಕೆಟ್ಟದ್ದು ಚೆನ್ನಾಗಿರುವುದನ್ನೂ ಜೊತೆಗೆ ಎಳೆದುಕೊಂಡು ಮೂಲೆ ಸೇರುತ್ತದೆ.

ಒಂದೇ ಡಬ್ಬ ಆದ್ದರಿಂದಲೇ ಬರುವ ಇನ್ನೊಂದು ಕಾಟ ಬಿಸಿ. ಆಂಪ್ಲಿಫೈಯರ್ ಕಾದರೆ ಪಕ್ಕದಲ್ಲೇ ಇರುವ ಪವರ್ ಸಪ್ಲೈಯ ಕೆಪಾಸಿಟರ್‌ಗಳೂ (ಕರೆಂಟನ್ನು ಕೂಡಿಟ್ಟು ಸಮ ಮಾಡುವ ಭಾಗಗಳು) ಬಿಸಿಯಾಗುತ್ತವೆ. ಇಂಥ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 105 ಡಿಗ್ರಿ ಎಂದು ಬರೆದಿರುತ್ತದೆ. ಅಗ್ಗದವುಗಳಿಗೆ ಆ ಬಿಸಿಯಲ್ಲಿ 2000 ಗಂಟೆಯ ಆಯುಸ್ಸು ಹೇಳಿರುತ್ತಾರೆ, ಬಿಸಿ 10 ಡಿಗ್ರಿ ಇಳಿದಂತೆಲ್ಲ ಅದು ಸರಿಸುಮಾರು ಇಮ್ಮಡಿಯಾಗುತ್ತದೆ. ಟಿವಿ ಸ್ಟ್ಯಾಂಡಿನ ಗಾಜಿನ ಬಾಗಿಲೊಳಗೆ ಸೆಟ್ಟನ್ನು ಕೂಡಿಹಾಕಿ, ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿದರೆ ಈ ಲೆಕ್ಕ ಉಲ್ಟಾ ಓಡುತ್ತದೆ. ರಿಮೋಟಿನಲ್ಲಿ ಆಫ್ ಮಾಡಿದ್ದೇವೆ ಅಂದುಕೊಂಡರೂ ಪವರ್ ಸಪ್ಲೈಯ ಒಂದು ಭಾಗ ಹಗಲೂ ರಾತ್ರಿ ಎಚ್ಚರವಾಗಿಯೇ ಇರುತ್ತದೆ. ನಮ್ಮ ಹಳ್ಳಿಗಳ ಕಡೆ ಬೋರ್‌ವೆಲ್ ಮೋಟರ್‌ಗಳು ಒಟ್ಟಿಗೆ ಸ್ಟಾರ್ಟ್ ಆದಾಗ ವೋಲ್ಟೇಜ್ ಕುಸಿಯುವುದು, ಹೋದ ಕರೆಂಟು ದಢಾರನೆ ಬರುವುದು ಇದ್ದದ್ದೇ. ಆ ಪೆಟ್ಟು ತಿನ್ನುವುದೂ ಇದೇ ಭಾಗ. ಬೆಚ್ಚಗಿರುವ ಡಬ್ಬ ಜಿರಳೆಗೂ ಹಲ್ಲಿಗೂ ಬಲು ಇಷ್ಟ, ಅದು ಬೇರೆ ಮಾತು.

ಇನ್ನು 'ಲೆನ್ಸ್ ಹೋಗಿದೆ' ಅನ್ನುವ ಮಾತು. ಡಿಸ್ಕ್ ಓದುವ ಲೇಸರ್ ಬಳಸುತ್ತ ಬಳಸುತ್ತ ಮಂಕಾಗುತ್ತದೆ, ಧೂಳು ಮತ್ತು ಊದುಬತ್ತಿ ಹೊಗೆಯೂ ಅದರ ಮೇಲೆ ಕೂರುತ್ತವೆ. ಸಿಡಿಗೆ 780, ಡಿವಿಡಿಗೆ 650 ನ್ಯಾನೊಮೀಟರ್ ತರಂಗಾಂತರದ ಬೇರೆ ಬೇರೆ ಬೆಳಕು ಬೇಕು. ಹಾಗಾಗಿ ಹಾಡಿನ ಸಿಡಿ ಓಡುತ್ತಿದ್ದರೂ ಸಿನಿಮಾ ಡಿವಿಡಿ ಹಾಕಿದರೆ 'ನೋ ಡಿಸ್ಕ್' ಎನ್ನುವ ಸೆಟ್‌ಗಳಿವೆ. ಆಂಪ್ಲಿಫೈಯರ್ ಸರಿ, ಆರೂ ಸ್ಪೀಕರ್ ಸರಿ. ಆದರೂ ಹೊರಗಿನಿಂದ ಬೇರೆ ಪ್ಲೇಯರ್ ಕೊಡೋಣವೆಂದರೆ ಬಹಳಷ್ಟು ಸೆಟ್‌ಗಳ ಹಿಂದೆ ಇರುವುದು ಆಕ್ಸ್ ಎಂಬ ಎರಡೇ ತೂತು. ಅದರಲ್ಲಿ ಹೋಗುವುದು ಎಡ-ಬಲದ ಶಬ್ದ ಅಷ್ಟೆ. ನಿಜವಾದ 5.1 ಕೇಳುವ ದಾರಿ ಆ ಮಂಕಾದ ಲೆನ್ಸ್ ಒಂದೇ ಆಗಿತ್ತು.

ಆಂಪ್ಲಿಫೈಯರ್ ಕೆಟ್ಟರಂತೂ ಕಥೆ ಇನ್ನೂ ಗೋಜಲು. ತುಮಕೂರಿನ ಚಿಕ್ಕಪೇಟೆ ಕಡೆಯ ಒಂದು ರಿಪೇರಿ ಅಂಗಡಿಯಲ್ಲಿ ಕಂಡದ್ದು: ಗುಬ್ಬಿ ಕಡೆಯ ಯಜಮಾನರೊಬ್ಬರು ಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು.

"ಆನ್ ಆಯ್ತದೆ ಕಣಪ್ಪ. ಎಲ್ಡ್ ಸೆಕೆಂಡು ಇದ್ದು, ಅದೇನೋ ಇಂಗ್ಲೀಷ್‌ನಾಗೆ ತೋರ್ಸಿ ಆಫಾಗೋಯ್ತದೆ."

"ಪ್ರೊಟೆಕ್ಟ್ ಅಂತ ಬರ್ತೈತೆ ಯಜಮಾನ್ರೆ."

ಅಂಗಡಿಯ ಹುಡುಗ ಮುಚ್ಚಳ ಬಿಚ್ಚಿ, ಮಲ್ಟಿಮೀಟರ್ ಕಡ್ಡಿಗಳನ್ನು ಬೋರ್ಡಿನ ಮೇಲೆ ಅಲ್ಲಲ್ಲಿ ಮುಟ್ಟಿಸಿ ನೋಡಿದ. ಒಂದು ಕಡೆ ಮೀಟರ್ ಕುಂಯ್ ಎಂದಿತು. "ಒಂದ್ ಚಾನಲ್ ಶಾರ್ಟ್ ಆಗೈತೆ. ಐಸಿ ಬಿಡಿಯಾಗಿ ಸಿಕ್ರೆ ಹಾಕ್ಕೊಡ್ತೀನಿ, ಬೆಂಗ್ಳೂರ್ ಎಸ್.ಪಿ. ರೋಡ್‌ಗೆ ಹೋದಾಗ ಕೇಳ್ತೀನಿ. ಇಲ್ದಿದ್ರೆ ಬೋರ್ಡೇ ಚೇಂಜು. ಈ ಮಾಡಲ್ದು ಬೋರ್ಡ್ ಈಗ ಬರಲ್ಲ."

ಚಾನಲ್ ಎಂದರೆ ಒಂದು ಸ್ಪೀಕರ್‌ಗೆ ಸದ್ದು ಹೋಗುವ ದಾರಿ, ಐಸಿ ಎಂದರೆ ಅದನ್ನು ನಡೆಸುವ ಚಿಪ್. ಒಂದು ಚಾನಲ್ ಸತ್ತರೆ ಮಿಕ್ಕವು ಯಾಕೆ ಮೂಕವಾಗಬೇಕು? ಸ್ಪೀಕರ್ ಸುಟ್ಟುಹೋಗದಿರಲಿ ಎಂದು ಪ್ರೊಟೆಕ್ಟ್ ಸರ್ಕ್ಯೂಟು ಇಡೀ ಸೆಟ್ಟನ್ನೇ ನಿಲ್ಲಿಸುತ್ತದೆ. ಮಾಡುವ ಕೆಲಸ ಸರಿಯಾದದ್ದೇ. ಆದರೆ ರೇಡಿಯೊ, ಡಿಸ್ಕು, ಪೆನ್‌ಡ್ರೈವ್ ಎಲ್ಲಕ್ಕೂ ಅದೇ ಬಾಗಿಲು. ಅದೇ ಅಂಗಡಿಯ ಅಟ್ಟದ ಮೇಲೆ 4440 ಐಸಿ ಹಾಕಿದ ಅಸೆಂಬಲ್ ಆಂಪ್ಲಿಫೈಯರ್‌ಗಳು ಸಾಲಾಗಿದ್ದವು. ಸದ್ದಿನಲ್ಲಿ ಅವೇನು ಮಹಾ ಅಲ್ಲ. ಕೆಟ್ಟರೆ ಮಾತ್ರ ಹಳೆಯ ಐಸಿ ಕಿತ್ತು ಹೊಸದನ್ನು ಬೆಸುಗೆ ಹಾಕಿ ಅವತ್ತೇ ಕೊಟ್ಟು ಕಳಿಸಬಹುದು. ಕಂಪನಿ ಸೆಟ್ಟಿನ ಬೋರ್ಡಿನಲ್ಲಿ ಎಳ್ಳಿನ ಕಾಳಿನಷ್ಟು ಬಿಡಿಭಾಗಗಳು, ಸಂದುಗೊಂದಿನಲ್ಲೂ ಮುದ್ರಿತ ವೈರು. ಅದಕ್ಕೆ ಕೈ ಹಾಕುವವರು ಕಡಿಮೆ.

ಸ್ಮಾರ್ಟ್ ಟಿವಿ ಮೂಲೆ ಸೇರುವುದಕ್ಕೆ ಯಾವ ಭಾಗವೂ ಕೆಡಬೇಕಿಲ್ಲ. 2019ರ ಡಿಸೆಂಬರ್‌ನಲ್ಲಿ ಕೆಲವು ಹಳೆಯ ಸ್ಮಾರ್ಟ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಪರದೆ, ಸ್ಪೀಕರ್ ಯಾವುದಕ್ಕೂ ಏನೂ ಆಗಿರಲಿಲ್ಲ. ಆದರೆ ಇಲ್ಲೊಂದು ದಾರಿ ಉಳಿದಿದೆ. ಎಚ್‌ಡಿಎಂಐ ತೂತಿಗೆ ಸ್ಟಿಕ್ಕೋ ಸೆಟ್‌ಟಾಪ್ ಬಾಕ್ಸೋ ಸಿಕ್ಕಿಸಿದರೆ ಟಿವಿ ಮತ್ತೆ ಟಿವಿಯಾಗುತ್ತದೆ. ನನ್ನ ಮಟ್ಟಿಗೆ ಆಲ್-ಇನ್-ಒನ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮುಂದಿನ ಬಣ್ಣದ ದೀಪಗಳನ್ನಲ್ಲ, ಹಿಂದಿನ ತೂತುಗಳನ್ನು. ಹೊರಗಿನಿಂದ ಶಬ್ದ, ಚಿತ್ರ ಒಳಗೆ ಬರುವ ದಾರಿಗಳು ಎಷ್ಟು ಹೆಚ್ಚೋ, ಒಂದು ಭಾಗ ಕೆಟ್ಟಾಗ ಉಳಿದದ್ದು ಬಳಕೆಗೆ ಬರುವ ಸಾಧ್ಯತೆಯೂ ಅಷ್ಟು ಹೆಚ್ಚು.

ಕೊಂಡ ವಸ್ತುವಿಗೆ ಬಿಡಿಭಾಗ, ರಿಪೇರಿಯ ಮಾಹಿತಿ ಸಿಗಬೇಕೆನ್ನುವ ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಮೊಬೈಲ್, ವಾಹನ, ಕೃಷಿ ಉಪಕರಣಗಳ ಜೊತೆ ಗೃಹೋಪಯೋಗಿ ವಸ್ತುಗಳೂ ಅದರಲ್ಲಿವೆ. ಹತ್ತು ವರ್ಷದ ಹಿಂದಿನ ಹೋಮ್ ಥಿಯೇಟರ್‌ನ ಬೋರ್ಡು ಅದರಿಂದ ಸಿಕ್ಕೀತೆಂದು ನನಗೇನೂ ಭರವಸೆ ಇಲ್ಲ.

ಮನೆಯಲ್ಲಿ ಈಗಾಗಲೇ ಇಂಥದ್ದಿದ್ದು ಲೆನ್ಸ್ ಮಾತ್ರ ಹೋಗಿದ್ದರೆ, ಟಿವಿಯ ಹೆಡ್‌ಫೋನ್ ತೂತಿನಿಂದ ಆಕ್ಸ್‌ಗೆ ಒಂದು ವೈರು ಎಳೆದರೆ ಕೆಲಸ ನಡೆಯುತ್ತದೆ. ಟಿವಿಯಲ್ಲಿ ಇರುವುದು ಬೆಳಕಿನ ಮೂಲಕ ಡಿಜಿಟಲ್ ಶಬ್ದ ಕಳಿಸುವ ಆಪ್ಟಿಕಲ್ ತೂತು ಮಾತ್ರವೇ? ಆಗ ಮಧ್ಯೆ ಚಿಕ್ಕದೊಂದು ಕನ್ವರ್ಟರ್ ಬೇಕು, ಟಿವಿಯ ಸೌಂಡ್ ಸೆಟ್ಟಿಂಗನ್ನು ಪಿಸಿಎಂ ಎಂಬ ಸಾದಾ ಡಿಜಿಟಲ್ ರೂಪಕ್ಕೆ ಬದಲಿಸಬೇಕು. ಇಲ್ಲದಿದ್ದರೆ ಬರೀ ಗೊರಗೊರ, ಇಲ್ಲವೇ ಸದ್ದೇ ಇಲ್ಲ. ಆಂಪ್ಲಿಫೈಯರ್ ಹೋಗಿ ಸ್ಪೀಕರ್ ಉಳಿದಿದ್ದರೆ ಅವುಗಳ ಬೆನ್ನ ಮೇಲಿನ ಓಮ್ ಸಂಖ್ಯೆ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಓದಿ. ಇಂಥ ಸೆಟ್‌ಗಳಲ್ಲಿ ಅದು 3, 4 ಇರುವುದೇ ಹೆಚ್ಚು. ಕನಿಷ್ಠ 8 ಓಮ್ ಎಂದು ಬರೆದಿರುವ ಆಂಪ್ಲಿಫೈಯರ್‌ಗೆ ಅವನ್ನು ಸಿಕ್ಕಿಸಿ ವಾಲ್ಯೂಮ್ ಏರಿಸಿದರೆ ಅದೂ ಬಿಸಿಯೇರಿ ಕೆಡಬಹುದು. ಪ್ಲಗ್ ಆ ಕಂಪನಿಯದೇ ವಿಚಿತ್ರ ಆಕಾರದ್ದಾಗಿದ್ದರೆ ಕತ್ತರಿಸಿ, ತಾಮ್ರದ ಎಳೆ ಬಿಡಿಸಿ ಕಟ್ಟಬಹುದು. ಪ್ಲಸ್ಸು-ಮೈನಸ್ಸು ಯಾವುದೆಂದು ಕತ್ತರಿಸುವ ಮೊದಲೇ ಗುರುತು ಹಾಕಿಕೊಳ್ಳಿ.