ಒಂದೇ ತರಗತಿ, ಬೇರೆ ಬೇರೆ ಬೆಂಚು

ಹಾಜರಿ ಪುಸ್ತಕದಲ್ಲಿ ಹಲವು ಭಾಷೆ, ಹಲವು ಧರ್ಮದ ಹೆಸರುಗಳಿದ್ದ ಮಾತ್ರಕ್ಕೆ ಮಕ್ಕಳು ಬೆರೆತಿದ್ದಾರೆ ಎಂದೇನಲ್ಲ. ಲೆಕ್ಕ ಹಾಕಿ ನೋಡಬಹುದು. 40 ಮಕ್ಕಳ ತರಗತಿಯಲ್ಲಿ 10 ಮಂದಿ ಅಲ್ಪಸಂಖ್ಯಾತರು ಎಂದುಕೊಳ್ಳಿ. ಪ್ರತಿಯೊಬ್ಬರೂ ತರಗತಿಯ ಐವರು ಆಪ್ತರ ಹೆಸರನ್ನು ಗುಟ್ಟಾಗಿ ಬರೆದುಕೊಡಲಿ. ಗುಂಪು ನೋಡದೆ ಗೆಳೆತನ ಬೆಳೆದಿದ್ದರೆ, ಉಳಿದ 30 ಮಕ್ಕಳು ಬರೆದ 150 ಹೆಸರುಗಳಲ್ಲಿ ಸುಮಾರು 38 ಅಲ್ಪಸಂಖ್ಯಾತರದ್ದಾಗಿರಬೇಕು. ಹತ್ತೋ ಹನ್ನೆರಡೋ ಬಂದರೆ ತರಗತಿ ಒಳಗೊಳಗೇ ಹೋಳಾಗಿದೆ. (ಆ ಚೀಟಿಗಳು ಮಕ್ಕಳ ಕೈಗೆ ಸಿಗಬಾರದು, ಸಿಕ್ಕರೆ ಹೊಸ ಜಗಳ.)

ಗೆಳೆತನವೂ ಸಹಿಷ್ಣುತೆಯೂ ಒಂದೇ ಅಲ್ಲ. ತನಗೆ ಇಷ್ಟವಿಲ್ಲದ ಗುಂಪಿನವರಿಗೂ ಮಾತಾಡುವ, ಚುನಾವಣೆಗೆ ನಿಲ್ಲುವ, ತಮ್ಮ ರೀತಿಯಲ್ಲಿ ಬದುಕುವ ಹಕ್ಕಿದೆ ಎಂದು ಒಪ್ಪುವುದು ಸಹಿಷ್ಣುತೆ. 'ಎಲ್ಲರೂ ಒಂದೇ' ಎಂದು ಪ್ರಬಂಧ ಬರೆದ ಹುಡುಗನೇ, ತನಗಾಗದ ಗುಂಪಿನವಳು ತರಗತಿಯ ನಾಯಕಿಯಾಗಬಹುದೇ ಎಂದರೆ ತಡವರಿಸಬಹುದು. ಸಹಿಷ್ಣುತೆಯನ್ನು ಅಳೆಯಲು ಇಂಥ ಪ್ರಶ್ನೆಯನ್ನೇ ಕೇಳಬೇಕು.

ಬೇರೆ ಬೇರೆ ಗುಂಪಿನವರ ಒಡನಾಟ ಯಾವಾಗ ಫಲ ಕೊಡುತ್ತದೆ ಎಂಬುದನ್ನು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಸಮಾನ ಸ್ಥಾನ, ಸಮಾನ ಗುರಿ, ಪೈಪೋಟಿಯಿಲ್ಲದ ಸಹಕಾರ, ಮೇಲಿನವರ ಬೆಂಬಲ. 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ನಾಲ್ಕೂ ಇಲ್ಲದ ಕಡೆಯೂ ಒಡನಾಟದ ಜೊತೆ ಪೂರ್ವಗ್ರಹ ಕಡಿಮೆಯಿರುವುದು ಕಂಡಿತು. ಇದ್ದ ಕಡೆ ಪರಿಣಾಮ ಇನ್ನೂ ಹೆಚ್ಚು. ಆದರೆ ಅದು ಸಾಧಾರಣ ಮಟ್ಟದ ಸಂಬಂಧ, ಪವಾಡವಲ್ಲ.

ಈ ಷರತ್ತುಗಳನ್ನು ಪಾಠದೊಳಗೇ ತರುವ ವಿಧಾನವೊಂದನ್ನು ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ರೂಪಿಸಿದರು. ಬಿಳಿಯ, ಕಪ್ಪು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ ಮೇಲೆ ಅಲ್ಲಿ ಹೊಡೆದಾಟ ಶುರುವಾಗಿತ್ತು. ವಿಧಾನದ ಹೆಸರು ಜಿಗ್‌ಸಾ, ಅಂದರೆ ತುಂಡುಗಳನ್ನು ಜೋಡಿಸುವ ಚಿತ್ರದಾಟ. ಐದಾರು ಮಂದಿಯ ಮಿಶ್ರ ಗುಂಪು ಮಾಡಿ, ಪಾಠವನ್ನು ಅಷ್ಟೇ ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದು ತುಂಡು ಮಾತ್ರ ಕೊಡಬೇಕು. ಓದಿದ ಮೇಲೆ, ಒಂದೇ ತುಂಡು ಸಿಕ್ಕವರೆಲ್ಲ ಬೇರೆ ಬೇರೆ ಗುಂಪುಗಳಿಂದ ಎದ್ದು ಬಂದು ಒಟ್ಟಿಗೆ ಕೂತು ವಿಷಯ ಪಕ್ಕಾ ಮಾಡಿಕೊಳ್ಳುತ್ತಾರೆ. ಆಮೇಲೆ ತಮ್ಮ ಗುಂಪಿಗೆ ಮರಳಿ ಅದನ್ನು ಕಲಿಸುತ್ತಾರೆ. ಕೊನೆಗೆ ಇಡೀ ಪಾಠದ ಮೇಲೆ ಕಿರುಪರೀಕ್ಷೆ, ಪ್ರತಿಯೊಬ್ಬರಿಗೂ ಪ್ರತ್ಯೇಕ ಅಂಕ. ಪಕ್ಕದವಳ ಮಾತಿಗೆ ಕಿವಿಗೊಡದವನಿಗೆ ಉತ್ತರವೇ ಗೊತ್ತಿರುವುದಿಲ್ಲ.

ಕೆಡುವುದು ಹೆಚ್ಚಾಗಿ ನಡುವಿನ ಹಂತದಲ್ಲಿ. ಸಮಯವಿಲ್ಲವೆಂದು ಶಿಕ್ಷಕರು ಆ ಒಟ್ಟಿಗೆ ಕೂರುವ ಸುತ್ತನ್ನೇ ಬಿಟ್ಟುಬಿಡುತ್ತಾರೆ. ಆಗ ತರಗತಿಯ ಭಾಷೆ ಇನ್ನೂ ಸಲೀಸಾಗದ ಹುಡುಗಿ ತಯಾರಿಯಿಲ್ಲದೆ ಗುಂಪಿನ ಮುಂದೆ ತಡವರಿಸುತ್ತಾಳೆ, 'ಇವರಿಗೇನೂ ಬರಲ್ಲ' ಎಂಬ ಪೂರ್ವಗ್ರಹಕ್ಕೆ ಪುರಾವೆ ಸಿಕ್ಕಂತಾಗುತ್ತದೆ. ಪಾಪ ಎಂದು ಅವಳಿಗೆ ಅತಿ ಚಿಕ್ಕ ತುಂಡು ಕೊಡುವುದೂ ಅಷ್ಟೇ ಕೆಟ್ಟದ್ದು: ಸಮಾನ ಸ್ಥಾನ ಅಲ್ಲೇ ಹೋಯಿತು. ಬಾಯಿಬಡುಕನೊಬ್ಬ ಎಲ್ಲರ ಪಾಲನ್ನೂ ತಾನೇ ಹೇಳತೊಡಗಿದರೆ ಗುಂಪಿನ ಮುಂದಾಳು ತಡೆಯಬೇಕು, ಮುಂದಾಳಿಗೆ ಆಗದಿದ್ದರೆ ಹೇಗೆ ತಡೆಯಬೇಕೆಂದು ಶಿಕ್ಷಕರು ಆ ಮುಂದಾಳಿನ ಕಿವಿಯಲ್ಲಿ ಹೇಳಿಕೊಡಬೇಕು. ಗುಂಪುಗಳನ್ನು ದಿನಕ್ಕೊಮ್ಮೆ ಕಲಸದೆ ಕೆಲವು ವಾರ ಹಾಗೇ ಇಡುವುದು ಒಳ್ಳೆಯದು. ಯಾರದಾದರೂ ಉಚ್ಚಾರಣೆಯನ್ನು ಅಣಕಿಸಿದರೆ ಆ ಪಿರಿಯಡ್ಡಿನಲ್ಲೇ ತಡೆಯಬೇಕು. ಮರುದಿನದ ಪ್ರಾರ್ಥನೆ ಸಾಲಿನ ಭಾಷಣಕ್ಕೆ ಹದಿಹರೆಯದವರು ಕಿವಿಗೊಡುವುದಿಲ್ಲ.